ಗಿರಾಕಿ ಅಂದ್ರೆ ಯಾರು?

"ಗಿರಾಕಿ ಅಂದ್ರೆ ಯಾರು?" ಎಂದು ನಮ್ಮ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಮದುರೈನಿಂದ ಬಂದ ಹೆಣ್ಣುಮಗಳು ಕೇಳಿದ್ದೇ ತಡ, ಸೀರೆ ವ್ಯಾಪಾರದ ನಮ್ಮ ಅಣ್ಣ-ತಮ್ಮಂದಿರಲ್ಲಿ ಜಗಳ ಹತ್ತಿಕೊಂಡಿತು. ತೇನಿಯ ಅಂಗಡಿ ಅಣ್ಣನದು, ದಿಂಡಿಗಲ್ಲಿನದು ನನ್ನದು. ಎರಡರ ಮಾಹಿತಿಯೂ ಒಂದೇ ದೊಡ್ಡ ಡೇಟಾ ವೇರ್‌ಹೌಸಿನಲ್ಲಿ, ಅಂದರೆ ಲೆಕ್ಕದ ಉಗ್ರಾಣದಲ್ಲಿರಲಿ, ಯಾರ ವ್ಯಾಪಾರ ಹೆಚ್ಚೆಂದು ಗೊತ್ತಾಗಲಿ ಎಂಬುದು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ದುಡಿದು ಮೇಲೆ ಬಂದ ನನ್ನ ಹಟ. ಅಂಗಡಿಗೊಂದರಂತೆ ಅದರದೇ ಲೆಕ್ಕವಿರುವ ಚಿಕ್ಕ ಡೇಟಾ ಮಾರ್ಟ್ ಸಾಕೆಂದು ಅಣ್ಣ. ಒಟ್ಟಿಗೆ ಇಡುವುದಾದರೆ ಗಿರಾಕಿಗಳನ್ನು ಎಣಿಸುವ ರೀತಿಯೂ ಒಂದೇ ಇರಬೇಕು ಎಂದಳು ಆ ಹೆಣ್ಣುಮಗಳು.

ಸೀರೆ ಕೊಂಡವರಷ್ಟೇ ಗಿರಾಕಿ ಎಂದೆ.

"ಕಾಫಿ ಕುಡ್ದು ಹೋದೋನೂ ಗಿರಾಕಿನೇ ಡಾ, ತಂಬಿ! ನೀನು ನೀರೂ ಕೊಡಲ್ಲ, ಅದ್ಕೇ ನಿಂಗೆ ಕಮ್ಮಿ," ಎಂದ ಅಣ್ಣ.

ಇಬ್ಬರೂ ಸೋಲಲಿಲ್ಲ, ಎರಡು ಮಾರ್ಟೇ ಆಯಿತು. ಅಂದಿನಿಂದ ನನ್ನಲ್ಲೂ ಕಾಫಿ ಉಂಟು; ಕುಡಿಯುವವರು ಹೆಚ್ಚಿದರು, ಸೀರೆ ಕೊಳ್ಳುವವರು ಮೊದಲಿನಷ್ಟೇ. ಅಣ್ಣನ ಲೆಕ್ಕದಲ್ಲಿ ಈಗ ಗೆದ್ದವನು ನಾನು. ನನ್ನ ಲೆಕ್ಕದಲ್ಲಿ, ಹಾಲಿನವನು.