ಅರಿಶಿನದ ಗಿಡದ ಪಕ್ಕದ ಬೇಲಿ

ಹಿತ್ತಲಿಗೆ ಬೇಲಿ ಹಾಕಿಸಲು ಹೊರಟ ನಾನು ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಮನೆಯವರನ್ನು ಕಳ್ಳ ಎಂದದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೆ.ಆರ್. ಪುರದ ಹತ್ತಿರ ಹೊಸ ಬಡಾವಣೆಯೊಂದರಲ್ಲಿ ನಾವು ಮನೆ ಕಟ್ಟಿಕೊಂಡು ಐದು ವರ್ಷವಾಗಿತ್ತು. ವಿಮಾನಪುರದ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದ್ದನ್ನು ಪಕ್ಕಕ್ಕೆಸೆಯುವ ಕೆಲಸ. ಆ ಜಂಬವನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಬೇಕಿತ್ತು, ನಾನು ಮನೆಗೂ ತರುತ್ತಿದ್ದೆ. ಕ್ಯಾಲೆಂಡರಿನ ಮೊಳೆ ಓರೆಯಾಗಿದೆ ಎಂದು ಹೆಂಡತಿಯ ಹತ್ತಿರ ಜಗಳ ತೆಗೆದವನು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಪಕ್ಕದ ಮನೆಯವರಿಗೆ ಶಿವಾಜಿನಗರದಲ್ಲಿ ಹಳೆಯ ಮೋಟಾರು ಬಿಡಿಭಾಗಗಳ ಅಂಗಡಿ. ಬೀದಿಯವರೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ಪಾಳಿಯಲ್ಲಿದ್ದಾಗ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ತಮ್ಮ ವ್ಯಾನಿನಲ್ಲಿ ಆಸ್ಪತ್ರೆಗೆ ಸೇರಿಸಿದವರು ಅವರು. ಅವರ ತಾಯಿ ಮತ್ತು ನಮ್ಮಮ್ಮ ಸಂಜೆ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರದು ದಖ್ಖನಿ, ನಮ್ಮಮ್ಮನದು ಕನ್ನಡ, ನಡುನಡುವೆ ಇಬ್ಬರಿಗೂ ಹಲಸೂರು ಮಾರ್ಕೆಟ್ಟು ಕಲಿಸಿದ ತಮಿಳು. ಯಾರಿಗೆ ಎಷ್ಟು ಅರ್ಥವಾಗುತ್ತಿತ್ತೋ ಗೊತ್ತಿಲ್ಲ, ಇಬ್ಬರೂ ಚೆನ್ನಾಗಿ ನಗುತ್ತಿದ್ದರು.

ಬೇಲಿ ಬೇಕಾದದ್ದು ಎಮ್ಮೆಗಳ ಕಾಟಕ್ಕೆ. ಕೆರೆಯ ಕಡೆಗೆ ಹೋಗುವ ಎಮ್ಮೆಗಳು ದಾರಿಯಲ್ಲಿ ನಮ್ಮ ಅವರೆ ಚಪ್ಪರಕ್ಕೂ ಭಾಯ್ ಮನೆಯ ಪುದೀನಕ್ಕೂ ಒಂದು ಬಾಯಿ ಹಾಕಿಯೇ ಮುಂದೆ ಹೋಗುತ್ತಿದ್ದವು. ಹೆಂಡತಿ ಸಾಲಾಗಿ ದಾಸವಾಳ ನೆಡೋಣ ಎಂದಳು. ಅದು ಬೆಳೆಯುವಷ್ಟರಲ್ಲಿ ಎಮ್ಮೆಗಳು ಅದನ್ನೂ ಮುಗಿಸುತ್ತವೆ ಎಂದು ನಾನು ಕಲ್ಲು ಮಾರುವವರ ಹತ್ತಿರ ಹೋಗಿ ಬಂದೆ. ಆಳೆತ್ತರದ ಚಪ್ಪಡಿಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು ಒಂದು ಬಗೆ. ಗಿಡ್ಡ ಕಲ್ಲುಕಂಬ ನೆಟ್ಟು ತಂತಿಯ ಜಾಲರಿ ಎಳೆಯುವುದು ಇನ್ನೊಂದು. ಜಾಲರಿಯೇ ಸಾಕು ಎಂದುಕೊಂಡೆವು, ಭಾಯ್ ಕೂಡ ಒಪ್ಪಿದರು. ಎರಡು ಹಿತ್ತಲುಗಳ ನಡುವಿನ ಗೆರೆ ಎಲ್ಲಿ ಎಳೆಯಬೇಕು ಎನ್ನುವುದಷ್ಟೇ ಉಳಿದಿತ್ತು.

ನಮ್ಮಿಬ್ಬರ ಸೈಟುಗಳು ಹಿಂದೆ ಬೇರೆ ಬೇರೆಯವರ ಹೊಲ. ನಡುವಿನ ಗಡಿಗೆ ಸರ್ವೆಯವರು ನೆಟ್ಟ ಮೊಳದುದ್ದದ ಕಲ್ಲೊಂದಿತ್ತು. ಸೈಟು ಕೊಳ್ಳುವಾಗ ಅದನ್ನು ದೂರದಿಂದ ನೋಡಿದ್ದೆ. ಈಗ ಹುಡುಕಿದರೆ ಕಲ್ಲೇ ಇಲ್ಲ.

“ಅರಿಶಿನದ ಗಿಡ ಇದೆಯಲ್ಲ ಸಾರ್, ಅಲ್ಲೇ ಇತ್ತು,” ಎಂದರು ಭಾಯ್.

ನಮ್ಮ ಮನೆಯ ಗೋಡೆಯಿಂದ ನಾನು ಟೇಪು ಹಿಡಿದು ಅಳೆದ ಪ್ರಕಾರ ಗಡಿ ಅಲ್ಲಿಂದ ಒಂದೂವರೆ ಅಡಿ ಅವರ ಕಡೆಗೆ ಇರಬೇಕಿತ್ತು. ಟೇಪು ನನ್ನದು, ಅಳೆದವನು ನಾನು. ತಪ್ಪು ಅವರದೇ ಎಂದು ತೀರ್ಮಾನಿಸಲು ಇನ್ನೇನು ಬೇಕು?

“ಕಲ್ಲಿಗೇನು ಕಾಲು ಬಂತಾ ಭಾಯ್? ಯಾರೋ ಕಿತ್ತಿದಾರೆ.”

“ಯಾರು ಅಂತೀರಿ?”

“ಯಾರಿಗೆ ಲಾಭವೋ ಅವ್ರು. ಜಾಗ ಕದಿಯೋ ಕಳ್ರು ಮೊದ್ಲು ಕಲ್ಲು ಕದೀತಾರೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ನಮ್ಮ ಹಿತ್ತಲ ಬೇವಿನ ಮರದ ಕಡೆಗೆ ನೋಡಿದರು. ಏನೂ ಹೇಳದೆ ಒಳಗೆ ಹೋದರು. ಉತ್ತರ ಇಲ್ಲದವರು ಹೀಗೇ ಹೋಗುವುದು ಎಂದುಕೊಂಡೆ.

ಮೂರು ತಿಂಗಳು ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅವರ ತಾಯಿ ಹಿತ್ತಲಿಗೆ ಬರುವುದನ್ನು ನಿಲ್ಲಿಸಿದರು. ನಮ್ಮಮ್ಮ ಒಬ್ಬರೇ ಸೊಪ್ಪು ಬಿಡಿಸುತ್ತ, ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತ ಕೂರುತ್ತಿದ್ದರು. ಊಟ ಅರ್ಧವಾಯಿತು. ನನಗೂ ಒಳಗೊಳಗೆ ಹಿಂಸೆಯಾಗುತ್ತಿತ್ತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನ ಜಾಯಮಾನವಲ್ಲ. ಜಾಲರಿ ಬೇಡ, ಆಳೆತ್ತರದ ಚಪ್ಪಡಿಯೇ ಇರಲಿ, ಅವರ ಮುಖವೂ ಕಾಣಬಾರದು ಎಂದು ಹಟ ಹಿಡಿದು ಕಲ್ಲು ತರಿಸಿ ಬೀದಿಯಲ್ಲಿ ಇಳಿಸಿದೆ.

ಕೆಲಸಕ್ಕೆ ಬಂದವರು ರಾಯಚೂರು ಕಡೆಯ ಮೇಸ್ತ್ರಿ ಮತ್ತು ಅವರ ಹೆಂಡತಿ. ನಮ್ಮ ಬೀದಿಯ ಕೊನೆಯಲ್ಲೇ ಬಾಡಿಗೆಗೆ ಒಂದು ರೂಮು ಮಾಡಿಕೊಂಡಿದ್ದರು. ನೆಲಕ್ಕೆ ಹಾರೆ ಹಾಕುವ ಮೊದಲು ಪೂಜೆ ಆಗಬೇಕು ಎಂದರು ಮೇಸ್ತ್ರಿ. ನಮ್ಮ ಮುನೇಶ್ವರ ಇಲ್ಲೇ ಇದ್ದಾನೆ ಎಂದು ಅಮ್ಮ ಅವರನ್ನು ಬೇವಿನ ಮರದ ಬುಡಕ್ಕೆ ಕರೆದೊಯ್ದರು. ಅಲ್ಲಿ ಅಮ್ಮ ದಿನವೂ ದೀಪ ಹಚ್ಚುವ ಒಂದು ಕಲ್ಲಿತ್ತು. ವರ್ಷಗಟ್ಟಲೆ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿಕೊಂಡು ಅದರ ಮುಖವೇ ಕಾಣುತ್ತಿರಲಿಲ್ಲ. ಕೈ ಮುಗಿಯುವ ಅಭ್ಯಾಸವಿಲ್ಲದ ನಾನು ಅದನ್ನು ಸರಿಯಾಗಿ ನೋಡಿದವನೇ ಅಲ್ಲ. ಹೊಸ ಕೆಲಸಕ್ಕೆ ಹೊಸ ಕುಂಕುಮ ಇಡಬೇಕೆಂದು ಅಮ್ಮ ಬಿಸಿನೀರು ಹಾಕಿ ಉಜ್ಜಿ ತೊಳೆದರು.

ಮೇಸ್ತ್ರಿ ಬಗ್ಗಿ ಹೆಬ್ಬೆರಳಿಂದ ಸವರಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. “ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಇದು ಸರ್ವೇ ಕಲ್ಲು ಐತ್ರಿ. ಬಾಣದ ಗುರ್ತು ನೋಡ್ರಿ.”

ಕೆತ್ತಿದ ಮೂರು ಗೀಟು. ತ್ರಿಶೂಲ ಎಂದರೆ ತ್ರಿಶೂಲ, ಬಾಣ ಎಂದರೆ ಬಾಣ. ನಾನು ಅಮ್ಮನ ಕಡೆಗೆ ತಿರುಗಿದೆ.

“ಅಮ್ಮಾ, ಇದನ್ನ ಎಲ್ಲಿಂದ ತಂದ್ರಿ?”

“ಮನೆ ಕಟ್ಟೋವಾಗ ಕಳೆ ಮಧ್ಯೆ ಇದ್ದ. ಮಳೆಗೆ ಸಡಿಲಾಗಿ ವಾಲಿದ್ದ. ತ್ರಿಶೂಲ ಕಾಣಿಸ್ತು, ಪಾಪ ಯಾರೂ ನೋಡೋರಿಲ್ಲ ಅಂತ ಎತ್ಕೊಂಡು ಬಂದೆ.”

“ಮೂರು ತಿಂಗ್ಳಿಂದ ಕಲ್ಲು ಹುಡುಕ್ತಿದೀನಿ, ಒಂದ್ ಮಾತು ಹೇಳ್ಬಾರ್ದಾ?”

“ನೀನು ಕಲ್ಲು ಕಲ್ಲು ಅಂತಿದ್ದೆ. ನಾನು ತಂದಿದ್ದು ದೇವ್ರನ್ನ.”

ದೇವರನ್ನು ಎಬ್ಬಿಸಿದ ಜಾಗವನ್ನು ಖಾಲಿ ಬಿಡಬಾರದು ಎಂಬುದು ಅಮ್ಮನ ಕಡೆಯ ಪದ್ಧತಿ. ಆ ಕುಳಿಯಲ್ಲಿ ಒಂದು ತಾಮ್ರದ ಕಾಸು, ಒಂದು ಹಸಿ ಅರಿಶಿನದ ಕೊಂಬು ಇಟ್ಟು ಮಣ್ಣು ಮುಚ್ಚಿದ್ದರಂತೆ. ಹಸಿ ಕೊಂಬು ಸುಮ್ಮನಿರುತ್ತದೆಯೇ? ಚಿಗುರಿ, ಹಬ್ಬಿ, ಐದು ವರ್ಷದಿಂದ ನಮಗೆ ಕಡುಬಿಗೆ ಎಲೆ ಕೊಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನಗೆ ಅದು ಸಾಕ್ಷಿಯಾಗಿಯೂ ಕಂಡಿರಲಿಲ್ಲ. ಮೇಸ್ತ್ರಿ ಗೆಡ್ಡೆ ಬಿಡಿಸುತ್ತ ಮೆಲ್ಲಗೆ ಅಗೆದಾಗ ಹಸಿರು ಹಿಡಿದ ಕಾಸು ಸಿಕ್ಕಿತು, ಭಾಯ್ ಬೆರಳು ತೋರಿಸಿದ್ದ ಜಾಗದಲ್ಲೇ. ನನ್ನ ಟೇಪು ಸರಿಯಾಗಿಯೇ ಇತ್ತು, ಅಳತೆ ಶುರು ಮಾಡಿದ ಗೋಡೆಯೇ ಕಟ್ಟುವಾಗ ಒಂದೂವರೆ ಅಡಿ ಅವರ ಕಡೆಗೆ ಸರಿದು ಕೂತಿತ್ತು. ಮೊಳೆ ಓರೆಯಾಯಿತೆಂದು ಕೂಗಾಡಿದವನ ಮನೆಯೇ ಓರೆ.

ಆ ಕಾಸನ್ನು ಹಿಡಿದುಕೊಂಡು ಭಾಯ್ ಮನೆಯ ಬಾಗಿಲಿಗೆ ಹೋದೆ. ಹತ್ತು ಹೆಜ್ಜೆಯ ದಾರಿ, ಅಷ್ಟು ಕಷ್ಟದ ದಾರಿಯನ್ನು ನಾನು ನಡೆದಿಲ್ಲ. ನಡೆದದ್ದನ್ನೆಲ್ಲ ಹೇಳಿ, “ತಪ್ಪಾಯ್ತು ಭಾಯ್, ಕ್ಷಮಿಸ್ಬಿಡಿ,” ಎಂದೆ. ಅವರು ಬಾಗಿಲಿನಿಂದ ಸರಿದು, “ಒಳಗೆ ಬನ್ನಿ ಸಾರ್, ಟೀ ಆಗ್ತಾ ಇದೆ,” ಎಂದರು. ಮೂರು ತಿಂಗಳು ಎದೆಯ ಮೇಲೆ ಕೂತಿದ್ದ ಚಪ್ಪಡಿ ಇಳಿದಂತಾಯಿತು. ಟೀಗೆ ಸಕ್ಕರೆ ಜಾಸ್ತಿಯಾಗಿತ್ತು, ಎರಡು ಲೋಟ ಕುಡಿದೆ.

ಬೀದಿಯ ಚಪ್ಪಡಿಗಳು ಬಂದ ದಾರಿಯಲ್ಲೇ ವಾಪಸಾದವು. ಸೊಂಟದೆತ್ತರದ ಕಂಬಗಳು ಬಂದವು. ಮುನೇಶ್ವರನನ್ನು ಏನು ಮಾಡುವುದು ಎಂದು ನಾನು ತಡವರಿಸುತ್ತಿದ್ದರೆ ಅಮ್ಮನೇ ತೀರ್ಪು ಕೊಟ್ಟರು. “ಐದು ವರ್ಷ ದೀಪ ಹಚ್ಚಿದೀನಿ, ಇವತ್ತು ಕಲ್ಲು ಅಂದ್ರೆ ಕಲ್ಲಾಗ್ಬಿಡ್ತಾನಾ? ಅವನ ಜಾಗಕ್ಕೆ ಅವನು ಹೋಗ್ಲಿ. ನಾನೇ ಅಲ್ಲಿಗೆ ಬರ್ತೀನಿ.” ಕಲ್ಲನ್ನು ಹಳೆಯ ಕುಳಿಯಲ್ಲೇ ನೆಟ್ಟು, ಅದರ ಪಕ್ಕದಲ್ಲಿ ಒಬ್ಬರು ದಾಟುವಷ್ಟು ಜಾಗ ಬಿಟ್ಟು ಒಂದು ಚಿಕ್ಕ ಗೇಟು ಇಟ್ಟೆವು. ಅವತ್ತು ಸಂಜೆಯೇ ಭಾಯ್ ತಾಯಿ ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದು ಅದನ್ನು ದಾಟಿ ಬಂದರು.

ಜಾಲರಿ ಎಳೆದ ದಿನ ಭಾಯ್ ಅಂಗಡಿಗೆ ರಜೆ ಹಾಕಿ ಇಕ್ಕಳ ಹಿಡಿದು ನನ್ನೆದುರು ನಿಂತಿದ್ದರು. ಕೊನೆಯ ಕಂಬಕ್ಕೆ ತಂತಿ ಸುತ್ತುವಾಗ ನಾನು ಕೇಳಿದೆ. “ಅರಿಶಿನದ ಗಿಡದ ಹತ್ರಾನೇ ಅಂತ ಅಷ್ಟು ಕರೆಕ್ಟಾಗಿ ಹೇಗೆ ಗೊತ್ತಿತ್ತು ಭಾಯ್?”

ಅವರು ತಂತಿಯ ತುದಿಯನ್ನು ಒಳಕ್ಕೆ ಮಡಚಿದರು. “ನಿಮ್ಮಮ್ಮ ಕಲ್ಲನ್ನ ಅಲ್ಲಿಂದ ಎತ್ತಿ ಸೆರಗಲ್ಲಿ ಸುತ್ಕೊಂಡು ಹೋಗೋದನ್ನ ನೋಡಿದ್ದೆ ಸಾರ್.”

“ಮತ್ತೆ ನಾನು ಕಳ್ಳ ಅಂದಾಗ್ಲಾದ್ರೂ ಹೇಳ್ಬಾರ್ದಿತ್ತಾ?”

“ನಿಮ್ಮ ಕೋಪ ಇವತ್ತಲ್ಲ ನಾಳೆ ಇಳಿಯುತ್ತೆ,” ಎಂದರು. “ಅವ್ರು ದಿನಾ ಕೈ ಮುಗೀತಾರೆ. ನಿಮ್ಮ ದೇವ್ರು ದೇವ್ರಲ್ಲ ಅಂತ ನಾನು ಹೇಗೆ ಹೇಳ್ಲಿ?”

ನಾನು ಅವರ ಕೈಯಿಂದ ಇಕ್ಕಳ ತೆಗೆದುಕೊಂಡು ಉಳಿದ ತಂತಿ ಕಟ್ಟಿದೆ.