ಕುಬಸದ ಡಿಸ್ಕ್ ನುಂಗಿದ ರೆಕಾರ್ಡರ್

ಅಕ್ಕನ ಕುಬಸ, ಅಂದರೆ ಸೀಮಂತ, ನಮ್ಮೂರು ಮರಳಿಯಲ್ಲಿ ನಡೆಯಿತು. ಅಲ್ಲಿ ಬಂದ ಹೆಂಗಸರಲ್ಲಿ ಮೊದಲು ಯಾರ ಮಡಿಲಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬಿದರು ಎಂಬ ಜಗಳ ಮಾತ್ರ ಅಕ್ಕನ ಗಂಡನ ಊರು ಕುಷ್ಟಗಿಯಲ್ಲಿ ಹುಟ್ಟಿತು. ಅಕ್ಕನ ಅತ್ತೆ, ಎಂದರೆ ಅವ್ವನ ಬೀಗತಿ, ತನಗೆ ಎಲ್ಲರಿಗಿಂತ ಕೊನೆಗೆ ಉಡಿ ತುಂಬಿದರೆಂದು ಬಳಗಕ್ಕೆಲ್ಲ ಹೇಳಿಕೊಂಡು ಬಂದರು. ಮೊದಲು ತುಂಬಿದ್ದೇ ಅವರಿಗೆ ಎಂದು ಅವ್ವ. ಇದಕ್ಕೆ ಸಾಕ್ಷಿಯೂ ಇತ್ತು. ಸೌದಿಯಿಂದ ಬಂದಿದ್ದ ನಮ್ಮ ಓಣಿಯ ಚಾಚಾ ಇಡೀ ಕುಬಸವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರು. ನಾವು ಅದನ್ನು ಮನೆಯ ಡಿವಿಡಿ ರೆಕಾರ್ಡರಿನಲ್ಲಿ ಡಿಸ್ಕಿಗೆ ಇಳಿಸಿಕೊಂಡಿದ್ದೆವು. ಚಾಚಾ ಅದೇ ಕ್ಯಾಸೆಟ್ಟಿನ ಮೇಲೆ ಯಾರದೋ ನಿಕಾ ಹಿಡಿದುಬಿಟ್ಟಿದ್ದರಿಂದ, ಉಳಿದದ್ದು ಆ ಒಂದೇ ಡಿಸ್ಕ್.

ಅದನ್ನು ಹಚ್ಚಿ ತೋರಿಸಿಯೇ ಬಿಡಬೇಕೆಂದು ಅವ್ವ ಬೀಗತಿಯನ್ನೂ ಅಳಿಯನನ್ನೂ ಹೋಳಿಗೆ ಊಟಕ್ಕೆ ಕರೆಸಿದಳು. ಅಕ್ಕ ಹೆರಿಗೆಗೆಂದು ನಮ್ಮಲ್ಲೇ ಇದ್ದಳು. ಬೀಗತಿ ಬಂದು ಟಿವಿ ಎದುರಿನ ಕುರ್ಚಿ ಹಿಡಿದರು. ರೆಕಾರ್ಡರ್ ಡಿಸ್ಕ್ ಓದಲಿಲ್ಲ, ಹೊರಗೂ ಬಿಡಲಿಲ್ಲ. ಗುಂಡಿ ಒತ್ತಿದರೆ ಒಳಗೆ ಗುರ್ ಎನ್ನುತ್ತಿತ್ತು, ಟ್ರೇ ಮಿಸುಕುತ್ತಿರಲಿಲ್ಲ.

"ಸುಳ್ಳು ಹೇಳಾಕ ಮಷಿನ್ನಿಗೂ ನಾಚಿಕಿ ಬರತೈತಿ ನೋಡ್ರಿ," ಎಂದರು ಬೀಗತಿ.

ಆಗ ಮಾಮ, ಅಂದರೆ ಅಕ್ಕನ ಗಂಡ, ಸ್ಕ್ರೂ ಡ್ರೈವರ್ ಕೇಳಿದರು. ಡಿಸ್ಕ್ ಹೊರಬಂದರೆ ಒಂದೋ ಅವರನ್ನು ಹೆತ್ತವಳು ಸುಳ್ಳಿ, ಇಲ್ಲ ಹೆಣ್ಣು ಕೊಟ್ಟ ಅತ್ತೆ ಸುಳ್ಳಿ. ಎರಡೂ ಮನೆಯಲ್ಲಿ ಉಣ್ಣಬೇಕಾದ ಮನುಷ್ಯ ಯಾವ ಧೈರ್ಯದ ಮೇಲೆ ಮುಚ್ಚಳ ಬಿಚ್ಚಿದರೋ ತಿಳಿಯದು. ಟ್ರೇ ಎಳೆಯುವ ಸಣ್ಣ ರಬ್ಬರ್ ಬೆಲ್ಟ್ ಸಡಿಲಾಗಿ ಜಾರುತ್ತಿತ್ತು. ಗಂಗಾವತಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಪ್ಲಗ್ ಕಿತ್ತು ಕೆಲಸ ಮಾಡೋಣ ಎಂದೆ. ಕರೆಂಟ್ ಇಲ್ಲದೆ ಬೆಲ್ಟ್ ಜಾರುವುದು ಕಾಣುವುದು ಹೇಗೆ ಎಂದು ಅವರು ಕೇಳಿದರು. ಅದೂ ನ್ಯಾಯವೇ.

ಅವ್ವ ಅಳಿಯನ ಜೊತೆ ಎಂದೂ ನೇರ ಮಾತಾಡಿದವಳಲ್ಲ. ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲಿನಿಂದ ನನಗೆ ಹೇಳಿದಳು: "ನಿಮ್ಮ ಮಾಮಾಗ ಹೇಳು, ಡಿಸ್ಕಿಗೆ ಗೀರು ಬೀಳಬಾರದು." ಡಿಸ್ಕಿನ ಬಗ್ಗೆ ಎಲ್ಲರಿಗೂ ಕಾಳಜಿ ಇತ್ತು.

ಮುಂದಿನದು ಈಗಲೂ ಕಣ್ಣೆದುರು ನಿಲ್ಲುತ್ತದೆ. ಯಾರಾದರೂ ಪ್ಲಗ್ಗಿಗೆ ಕೈ ಹಾಕಿದರೆ ಸಾಕು. ಮಾಮ ಎಡಗೈಯಲ್ಲಿ ತಗಡಿನ ಚೌಕಟ್ಟು ಹಿಡಿದು ಬಲಗೈಯನ್ನು ಬೆಲ್ಟಿನತ್ತ ಒಯ್ದರು. ಬೆರಳು ಒಳಗಿನ ಕರೆಂಟ್ ಬರುವ ಬೋರ್ಡಿಗೆ ತಾಗಿತು. ಅವರು ಕೂಗಲಿಲ್ಲ. ಹಲ್ಲು ಕಚ್ಚಿ, ಕತ್ತು ಓರೆಯಾಗಿ, ಏನನ್ನೋ ನೆನಪಿಸಿಕೊಳ್ಳುವವರಂತೆ ನನ್ನನ್ನೇ ನೋಡಿದರು. ಮಗ ಚೇಷ್ಟೆ ಮಾಡುತ್ತಿದ್ದಾನೆಂದು ಬೀಗತಿ ನಕ್ಕರು. ಬೇರೆ ದಿನ ಹೇಳದೆ ಕೇಳದೆ ಹೋಗುವ ಕರೆಂಟ್ ಆಗ ಹೋಗಲಿಲ್ಲ. ನಾನು ಗೋಡೆಯ ಸ್ವಿಚ್ಚಿನತ್ತ ಜಿಗಿದೆ. ಅಷ್ಟರಲ್ಲಿ ಹಿಟ್ಟು ಮೆತ್ತಿದ ಲಟ್ಟಣಿಗೆ ಹಿಡಿದು ಬಂದ ಅವ್ವ ಅಳಿಯನ ತೋಳಿಗೆ ಬೀಸಿ ಹೊಡೆದಳು. ಮತ್ತೊಮ್ಮೆಯೂ ಹೊಡೆದಳು. ಎರಡನೆಯದು ಬೇಕಾಗಿರಲಿಲ್ಲ ಎಂದು ಅಕ್ಕ ಇಂದಿಗೂ ವಾದಿಸುತ್ತಾಳೆ.

ಮಾಮ ಒಂದು ಕಡೆ ಬಿದ್ದರು, ರೆಕಾರ್ಡರ್ ಇನ್ನೊಂದು ಕಡೆ. ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಅವರನ್ನು ಬಿಡಿಸಿದ್ದು ಸ್ವಿಚ್ಚೋ ಲಟ್ಟಣಿಗೆಯೋ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕನಸಿನಲ್ಲಿ ಮಾತ್ರ ಆ ಸ್ವಿಚ್ ನನಗೆ ಎಟುಕುವುದೇ ಇಲ್ಲ.

ಗಂಗಾವತಿಯ ಡಾಕ್ಟರು ಎದೆ ಪರೀಕ್ಷಿಸಿ, ಬೆರಳು ಸುಟ್ಟದ್ದು ಬಿಟ್ಟರೆ ಏನೂ ಆಗಿಲ್ಲ ಎಂದರು. ಮನೆಗೆ ಬಂದು ನೋಡಿದರೆ, ಬಿದ್ದ ರಭಸಕ್ಕೆ ಟ್ರೇ ಅರ್ಧ ಹೊರಬಂದಿತ್ತು. ಡಿಸ್ಕಿಗೆ ಒಂದು ಗೀರೂ ಇರಲಿಲ್ಲ. ಮಾಮ ಬೆರಳಿನ ಪಟ್ಟಿ ಸರಿಮಾಡಿಕೊಳ್ಳುತ್ತ, ಹಣ ಕಟ್ಟುವ ರಬ್ಬರನ್ನು ಬೆಲ್ಟಿನ ಬದಲು ಹಾಕಿ ನೋಡಬಹುದು ಎಂದರು.

ಬೀಗತಿ ಎದ್ದು ಡಿಸ್ಕ್ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. "ಇದು ನನ್ನ ಹತ್ರ ಇರಲಿ. ಇಲ್ಲೇ ಇದ್ರ ಇವ ಮತ್ತ ಬಿಚ್ಚತಾನ, ನೀವು ಮತ್ತ ಹೊಡೀತೀರಿ."

ಅವ್ವ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದಳು. ಅಳಿಯನ ಎಲೆಗೆ ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿದಳು. ಬೀಗತಿ, ಮಾಮ ಇಬ್ಬರೂ ಬಸ್ಸು ಹತ್ತಿ ಹೋದ ಮೇಲೆ, ಸಾಕ್ಷಿ ಅವರ ಚೀಲದಲ್ಲೇ ಹೋಯಿತು, ಹೇಳಿ ಕಳಿಸಿ ತರಿಸಿಕೋ ಎಂದೆ.

"ಅಳಿಯನ್ನ ಹೊಡದಾಕಿ ನಾನು," ಎಂದಳು ಅವ್ವ. "ಇನ್ನ ಯಾವ ಬಾಯಿಲೆ ಕೇಳಲಿ?"

ಬೀಗತಿಗೆ ಕೊನೆಗೇ ಉಡಿ ತುಂಬಿದ್ದು ಎಂದು ಕುಷ್ಟಗಿಯಲ್ಲಿ ಈಗಲೂ ಹೇಳುತ್ತಾರೆ. ಮರಳಿಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.