ಮೊಳೆಗೆ ನೇತುಹಾಕಿದ ಓಢಣಿ

ಕೊರೊನಾ ಕಾಟ ಮುಗಿದ ಮರುವರ್ಷ. ನಾನು ಆಗ ಬೆಳಗಾವಿಯ ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕಿ, ಅಂದರೆ ಪೊಲೀಸರು ಹಾಕಿದ ಕೇಸನ್ನು ಸರ್ಕಾರದ ಪರವಾಗಿ ನಡೆಸುವ ವಕೀಲೆ. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಗೆದ್ದಿದ್ದೇನೆ, ಸೋತಿದ್ದೇನೆ, ಎರಡಕ್ಕೂ ಊಟ ಬಿಟ್ಟವಳಲ್ಲ. ಆದರೆ ಈ ಒಂದು ಕೇಸಿನ ಮಾತು ಬಂದರೆ ಮಾತ್ರ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಸಂತ್ರಸ್ತೆಯ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ, ರೇಣುಕಾ ಅನ್ನೋಣ. ಖಾನಾಪುರದ ಹುಡುಗಿ, ಇಪ್ಪತ್ನಾಲ್ಕು ವರ್ಷ, ಐಟಿಐ ಕಲಿತವಳು. ದಿನಾ ಬಸ್ಸಿನಲ್ಲಿ ಬಂದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಷೀನ್ ನಡೆಸುತ್ತಿದ್ದಳು. ಒಂದು ಮಧ್ಯಾಹ್ನ ಡ್ರಿಲ್ ಬಿಟ್ ತರಲು ಸ್ಟೋರಿಗೆ ಹೋದಾಗ ಸೂಪರ್‌ವೈಸರ್ ಹಿಂದೆಯೇ ಬಂದು, ಬಾಗಿಲು ಮುಚ್ಚಿ, ಅವಳ ಮೇಲೆ ಬಿದ್ದ. ಕಿರುಚಾಟ ಕೇಳಿ ಕಸ ಗುಡಿಸುವ ಹೆಂಗಸು ಬಾಗಿಲು ದೂಡಿ ಒಳಗೆ ಬಂದಳು. ಮಣಿಕಟ್ಟಿನ ಗಾಯ ವೈದ್ಯರ ವರದಿಯಲ್ಲಿತ್ತು. ಅತ್ಯಾಚಾರ ಯತ್ನದ ಕೇಸು, ಗಟ್ಟಿಯಾಗಿದೆ ಅಂದುಕೊಂಡೆ.

ಸಾಕ್ಷಿ ವಿಚಾರಣೆಗೆ ನಾಲ್ಕು ದಿನ ಮೊದಲು ಕಡತ ಓದುವಾಗ ಒಂದು ತೊಡಕು ಕಂಡಿತು. ದೂರಿನಲ್ಲಿ ‘ಮೈತುಂಬ ಓಢಣಿ ಹೊದ್ದುಕೊಂಡು ಸ್ಟೋರಿಗೆ ಹೋಗಿದ್ದೆ’ ಎಂದಿತ್ತು. ಪಂಚನಾಮೆಯಲ್ಲಿ, ಅಂದರೆ ಸ್ಥಳದಲ್ಲೇ ಪಂಚರ ಮುಂದೆ ಪೊಲೀಸರು ಬರೆಯುವ ವರದಿಯಲ್ಲಿ, ಅದೇ ಓಢಣಿ, ಚೂಡಿದಾರದ ಹಸಿರು ದುಪಟ್ಟಾ, ಲೇಥಿನ ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿತ್ತು, ಅದನ್ನು ವಶಕ್ಕೆ ಪಡೆಯಲಾಗಿದೆ ಎಂದಿತ್ತು. ಒಂದು ಸುಳ್ಳು ಸಿಕ್ಕರೆ ಎದುರು ವಕೀಲರು ಉಳಿದದ್ದೆಲ್ಲವನ್ನೂ ಸುಳ್ಳೇ ಎನ್ನುತ್ತಾರೆ. ತಾಯಿ ಮಗಳಿಬ್ಬರನ್ನೂ ಕಚೇರಿಗೆ ಕರೆಸಿದೆ.

ರೇಣುಕಾ ತಲೆ ತಗ್ಗಿಸಿದಳು. ತಾಯಿ ಗಂಗವ್ವನೇ ಬಾಯಿಬಿಟ್ಟಳು. “ನಾನ ಹಂಗ ಹೇಳಂದೆ ರೀ. ಓಢಣಿ ಇರಲಿಲ್ಲಂದ್ರ ಮಂದಿ ನನ್ನ ಮಗಳನ್ನ ಅಂತಾರ, ಅವನನ್ನ ಯಾರು ಅಂತಾರ್ರಿ? ಠಾಣೇದಾಗ ಬಾಜು ಕುಂತು ಆಕಿ ತೊಡಿ ಚಿವುಟಿದೆ.”

ಸಿಟ್ಟು ನೆತ್ತಿಗೇರಿತು. ಆದರೆ ಬೈಯಲು ನನಗೆ ಬಾಯಿ ಎಲ್ಲಿತ್ತು? ನನ್ನ ಮಗಳು ಕಾಲೇಜಿಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು “ಓಢಣಿ ಸರಿ ಮಾಡ್ಕೋ” ಎಂದವಳು ನಾನೂ.

“ಖರೇ ಏನಾತು ಹೇಳವ್ವಾ” ಎಂದೆ.

“ತಿರುಗೂ ಮಷೀನಿಗೆ ಓಢಣಿ ಸಿಕ್ರ ಕುತ್ತಿಗೀನ ಹೋಗ್ತದ್ರಿ. ಅದಕ್ಕ ತಗದಿಟ್ಟ ಕೆಲಸಾ ಮಾಡ್ತೀವಿ. ಬೋರ್ಡ್ ಸೈತ ಹಚ್ಯಾರ.”

ಆ ಬೋರ್ಡಿನ ಫೋಟೋ ಕಡತದಲ್ಲೇ ಇತ್ತು. ಮಷೀನಿನ ಮುಂದೆ ಓಢಣಿ, ಬಳೆ, ಸಡಿಲ ಬಟ್ಟೆ ನಿಷೇಧ. ಕೆಳಗೆ ಆರೋಪಿ ಸೂಪರ್‌ವೈಸರನದೇ ಸಹಿ! ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು. “ಸಾಕು, ಇನ್ನು ನಿನ್ನ ಮರ್ಯಾದೆಗೆ ಯಾರೂ ಬೊಟ್ಟು ಮಾಡುವಂತಿಲ್ಲ” ಎಂದು ಹಿಗ್ಗಿದೆ.

ರೇಣುಕಾ ಹಿಗ್ಗಲಿಲ್ಲ. “ಮೇಡಂ, ಬೋರ್ಡ್ ಐತಂತ ನಾ ಚಲೋದಾಕಿ. ಬೋರ್ಡ್ ಇರದಿದ್ರ? ನಮ್ಮ ಆಫೀಸ್ನ್ಯಾಗ ಕುಂದ್ರೂ ಹುಡುಗಿ ಓಢಣಿ ಹಾಕೂದ ಇಲ್ಲ. ನಾಳಿ ಆಕಿಗೆ ಹಿಂಗಾದ್ರ ಯಾವ ಬೋರ್ಡ್ ತೋರಸ್ತೀರಿ?”

ಬೋರ್ಡಿನ ಫೋಟೋವನ್ನು ಕಡತದೊಳಗೆ ಸರಿಸಿದೆ. ಓಢಣಿಯ ಮೇಲೆ ಕೇಸು ಗೆಲ್ಲಲು ಹೊರಟಿದ್ದರಲ್ಲಿ ಗಂಗವ್ವನಿಗೂ ನನಗೂ ಏನು ವ್ಯತ್ಯಾಸ? ನಾಚಿಕೆಯಾಯಿತು.

ಇಂಥ ಕೇಸುಗಳಲ್ಲಿ ಗೌಪ್ಯ ವಿಚಾರಣೆ ನಡೆಯುತ್ತದೆ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಗಂಗವ್ವ ಹೊರಗೆ ಬೆಂಚಿನ ಮೇಲೆ ಕುಳಿತಳು. ನಾನು ಕೇಳಿದ ಮೊದಲ ಪ್ರಶ್ನೆಗಳಲ್ಲೇ ರೇಣುಕಾ, ದೂರಿನಲ್ಲಿ ಓಢಣಿಯ ಮಾತು ಸುಳ್ಳು, ಅಂಜಿ ಹಾಗೆ ಬರೆಸಿದೆ ಎಂದು ತಾನಾಗಿಯೇ ಹೇಳಿದಳು. ಕೇಸು ಕೈತಪ್ಪಬಹುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಎದುರು ವಕೀಲರು ಕಾಯುತ್ತಿದ್ದರು. “ಓಢಣಿ ಇಲ್ಲದೆ ಒಬ್ಬಳೇ ಸ್ಟೋರಿಗೆ ಹೋಗಿದ್ದು ನಿನ್ನದೇ ತಪ್ಪು ತಾನೆ?” ಎಂದರು. ನಾನು ಆಕ್ಷೇಪಿಸಲು ಎದ್ದೆ. ಅಷ್ಟರಲ್ಲಿ ಅವಳೇ ನ್ಯಾಯಾಧೀಶರ ಕಡೆ ತಿರುಗಿದಳು.

“ನಾ ಹೇಳ್ತೀನ್ರಿ ಸಾಹೇಬ್ರ. ಮಷೀನಿಗೆ ಕಣ್ಣಿಲ್ಲ, ಬುದ್ಧಿ ಇಲ್ಲ, ಸಿಕ್ಕಿದ್ದನ್ನ ಎಳೀತದ. ಅದಕ್ಕ ಅದರ ಮುಂದ ನಾವ ಹುಷಾರಿರಬೇಕು. ಈ ಸೂಪರ್‌ವೈಸರ್ರಿಗೆ ಎರಡೂ ಅದಾವಲ್ರಿ.”

ನ್ಯಾಯಾಧೀಶರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಎದ್ದು ನಿಂತಿದ್ದ ನಾನು ಕುಳಿತೆ. ನನ್ನ ವಕೀಲಿಕೆಗೆ ಅಲ್ಲಿ ಕೆಲಸವಿರಲಿಲ್ಲ.

ಕೊನೆಯ ವಾದದಲ್ಲಿ ಬೋರ್ಡಿನ ಮೇಲೆ ಜೋತುಬೀಳಲಿಲ್ಲ. ಬಾಗಿಲಿಗೆ ಕೀಲಿ ಹಾಕು ಅನ್ನುವುದು ಬುದ್ಧಿಮಾತು. ಕಳುವಾದ ಮೇಲೆ ಕಳ್ಳನನ್ನು ಬಿಟ್ಟು ಕೀಲಿಯನ್ನು ಕಟಕಟೆಗೆ ಹತ್ತಿಸಿದರೆ ಅದು ನ್ಯಾಯವಲ್ಲ ಎಂದಷ್ಟೇ ಹೇಳಿ, ಗಾಯದ ವರದಿ ಮತ್ತು ಕಸ ಗುಡಿಸುವ ಹೆಂಗಸಿನ ಸಾಕ್ಷ್ಯವನ್ನು ಮುಂದಿಟ್ಟೆ. ತನ್ನ ಸುಳ್ಳನ್ನು ತಾನೇ ಒಪ್ಪಿಕೊಂಡು ತಿದ್ದಿಕೊಂಡವಳ ಮಾತನ್ನು ನಂಬದಿರಲು ಕಾರಣವಿಲ್ಲ ಎಂದು ತೀರ್ಪು ಬಂತು. ಐದು ವರ್ಷ ಸಜೆ. ಅವನನ್ನು ಹಿಂಡಲಗಾ ಜೈಲಿಗೆ ಒಯ್ದರು.

ರೇಣುಕಾ ಈಗ ಬೇರೆ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಾಳೆ. ನಾನು ನಿವೃತ್ತಳಾಗಿದ್ದೇನೆ. ಮಗಳು ಹೊರಟಾಗ ಈಗಲೂ “ಹುಷಾರು” ಅನ್ನುತ್ತೇನೆ, ಓಢಣಿಯ ಸುದ್ದಿ ಎತ್ತುವುದಿಲ್ಲ. ಹೆಣ್ಣಿನ ಬಟ್ಟೆಯಿಂದ ಸಾಕ್ಷಿ ಹೇಳಿಸಬಾರದು, ಅದು ಅವಳ ಪರವಾಗಿದ್ದರೂ ಸರಿ. ಇಪ್ಪತ್ತೆಂಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು, ಅದನ್ನು ಕಲಿಸಿದವಳು ಖಾನಾಪುರದ ಹುಡುಗಿ.

ತೀರ್ಪಿನ ದಿನ ಗಂಗವ್ವ ನನ್ನ ಕೈ ಹಿಡಿದು ಕೇಳಿದಳು, “ಆ ಓಢಣಿ ಪೊಲೀಸರ ಕಡೇನ ಐತಲ್ರಿ. ತಿರುಗಿ ಕೊಡ್ತಾರೇನ್ರಿ?”

ಅಪೀಲಿನ ಅವಧಿ ಮುಗಿದ ಮೇಲೆ ಕೊಡುತ್ತಾರೆ, ಯಾಕೆ ಎಂದೆ.

“ಒಲಿ ಮ್ಯಾಲಿನ ಅನ್ನದ ಬೋಗಾಣಿ ಇಳಸಾಕ ಒಂದ ಅರಿವಿ ಬೇಕಾಗಿತ್ರಿ” ಎಂದು ಮಗಳ ಹೆಗಲ ಮೇಲೆ ಕೈಹಾಕಿ ಬಸ್ ಸ್ಟ್ಯಾಂಡಿನ ಕಡೆ ಹೊರಟಳು.